ಕಾಯಿಲೆ ಕಾಲದಲ್ಲಿ ಸಂವಿಧಾನಕ್ಕೆ ಕೈ ಹಾಕಿದಾಗ

ಪ್ರಶ್ನೆ: ಮಗಳು ಫಿಲಿಪ್ಪೀನ್ಸ್‌ನ ದಾವಾವ್‌ನಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಕೋವಿಡ್ ಸಮಯದಲ್ಲಿ ಅಲ್ಲಿನ ಸಂವಿಧಾನ ತಿದ್ದುಪಡಿಯನ್ನು ಬಹಳ ಜನ ವಿರೋಧಿಸಿದ್ದರಂತೆ. ವಿದೇಶಿ ಬಂಡವಾಳ ಬಂದು ಕೆಲಸ ಸಿಗುವುದಾದರೆ ಬೇಡ ಅನ್ನುವುದೇಕೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: 2020ರಲ್ಲಿ ಆ ದೇಶದ ಜಿಡಿಪಿ ಶೇ 9ಕ್ಕೂ ಹೆಚ್ಚು ಕುಸಿದಿತ್ತು. ಲಸಿಕೆ ಶುರುವಾದದ್ದು 2021ರ ಮಾರ್ಚ್ 1ಕ್ಕೆ. ಅದೇ ಹೊತ್ತಿನಲ್ಲಿ ಕೆಳಮನೆ 1987ರ ಸಂವಿಧಾನದ ಆರ್ಥಿಕ ವಿಧಿಗಳನ್ನು ಕೈಗೆತ್ತಿಕೊಂಡಿತು. ಸಂವಿಧಾನ ಬದಲಾವಣೆಯ ಇಂಥ ಯತ್ನಕ್ಕೆ ಅಲ್ಲಿ ಆಡುಮಾತಿನಲ್ಲಿ ‘ಚಾ-ಚಾ’ ಎಂದೇ ಹೆಸರು. ಭೂಮಿ ಹೊಂದುವ ಕಂಪನಿಯಲ್ಲಿ, ಸಾರ್ವಜನಿಕ ಸೇವೆಯ ಕಂಪನಿಯಲ್ಲಿ ಕನಿಷ್ಠ ಶೇ 60 ಪಾಲು ದೇಶದ ಪ್ರಜೆಗಳದ್ದೇ ಇರಬೇಕು ಎನ್ನುತ್ತವೆ ಆ ವಿಧಿಗಳು. ಕೆಳಮನೆಯ ತಿದ್ದುಪಡಿ ಠರಾವು ಈ ಅಂಕಿಯನ್ನು ಅಳಿಸಲಿಲ್ಲ. ಪಕ್ಕದಲ್ಲಿ ‘ಕಾನೂನಿನಲ್ಲಿ ಬೇರೆ ರೀತಿ ಹೇಳದಿದ್ದರೆ’ ಎಂಬ ಮಾತು ಸೇರಿಸಿತು. ಜನಮತಗಣನೆ ಇಲ್ಲದೆ ಅಲುಗಾಡದಿದ್ದ ಮಿತಿಯನ್ನು ಮುಂದೆ ಸಾಧಾರಣ ಮಸೂದೆಯೊಂದು ಬದಲಿಸಬಹುದು ಎಂದು ಇದರರ್ಥ. ಇಂಥ ಮಾತನ್ನು ಜನ ಕೂತು ಚರ್ಚಿಸಬೇಕು. ಸಂಸತ್ತು ಒಪ್ಪಿದ 60ರಿಂದ 90 ದಿನದೊಳಗೆ ಜನಮತಗಣನೆ ನಡೆಯಬೇಕೆಂಬ ನಿಯಮವಿದೆ. ವಯಸ್ಸಾದವರು ಮನೆ ಬಿಟ್ಟು ಹೊರಡುವುದಕ್ಕೇ ನಿರ್ಬಂಧವಿದ್ದ ದಿನಗಳಲ್ಲಿ ಊರೂರಿನಲ್ಲಿ ಸಭೆ ಸೇರುವುದು ಹೇಗೆ? ನಮ್ಮ ದೃಷ್ಟಿಯಲ್ಲಿ ವಿರೋಧಕ್ಕೆ ಇದೊಂದೇ ಕಾರಣ ಸಾಕಿತ್ತು.

ಬಂಡವಾಳದ ಮಾತಿಗೆ ಬಂದರೆ, ಸಂವಿಧಾನ ಮುಟ್ಟದೆಯೇ ಬಹುಪಾಲು ಕೆಲಸವಾಯಿತು. 2021ರ ಡಿಸೆಂಬರ್‌ನಲ್ಲಿ ಚಿಲ್ಲರೆ ವ್ಯಾಪಾರಕ್ಕೆ ಬರುವ ವಿದೇಶಿ ಕಂಪನಿಯ ಕನಿಷ್ಠ ಬಂಡವಾಳವನ್ನು 25 ಲಕ್ಷ ಡಾಲರ್‌ನಿಂದ 2.5 ಕೋಟಿ ಪೆಸೊಗೆ ಇಳಿಸಿದರು. 2022ರ ಮಾರ್ಚ್‌ನಲ್ಲಿ ಇನ್ನೊಂದು ಕಾಯ್ದೆ ಶೇ 60ರ ಮಿತಿಗೆ ಒಳಪಡುವ ಸೇವೆಗಳ ಪಟ್ಟಿಯನ್ನೇ ಕಿರಿದುಮಾಡಿ ಟೆಲಿಕಾಂ, ರೈಲು, ವಿಮಾನ ಸೇವೆಗಳನ್ನು ಪೂರ್ತಿ ವಿದೇಶಿ ಒಡೆತನಕ್ಕೆ ತೆರೆಯಿತು. ವಿದ್ಯುತ್ ವಿತರಣೆ, ನೀರು, ಬಂದರುಗಳಿಗೆ ಹಳೆಯ ಮಿತಿಯೇ ಉಳಿಯಿತು. ಭೂಮಿ, ಸುದ್ದಿ ಮಾಧ್ಯಮದಂಥವುಗಳ ಒಡೆತನಕ್ಕೆ ತಿದ್ದುಪಡಿಯೇ ಬೇಕು, ನಿಜ. ಆದರೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದ ವರ್ಷದಲ್ಲಿ ಭೂಮಿ ಮಾರುವ ಅವಸರ ಯಾರಿಗಿತ್ತು?

ಪ್ರಶ್ನೆ: ಕೆಳಮನೆಯಲ್ಲಿ ಭಾರಿ ಬಹುಮತವಿದ್ದೂ ಅದು ಬಿದ್ದುಹೋದದ್ದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: 2021ರ ಜೂನ್ 1ರಂದು ಕೆಳಮನೆಯಲ್ಲಿ ಪರವಾಗಿ 251, ವಿರುದ್ಧ 21 ಮತ ಬಿದ್ದವು. ಬೇಕಾದದ್ದು ಒಟ್ಟು ಸದಸ್ಯರ ನಾಲ್ಕರಲ್ಲಿ ಮೂರು ಪಾಲು. ಮೇಲ್ಮನೆಯಾದ ಸೆನೆಟ್‌ನಲ್ಲಿರುವುದು 24 ಮಂದಿ; ಅಲ್ಲಿ 18 ಮತ ಬೇಕು, ಅಂದರೆ 7 ಜನ ಒಲ್ಲೆನೆಂದರೆ ಮುಗಿಯಿತು. ಸೆನೆಟ್ ಅದನ್ನು ಅಂಗೀಕರಿಸಲೇ ಇಲ್ಲ.

ಇಲ್ಲೊಂದು ಅಪಾಯದ ಬಿರುಕಿದೆ. ಎರಡೂ ಸದನ ಬೇರೆಬೇರೆಯಾಗಿ ಮತ ಹಾಕಬೇಕೆಂದು ಆ ಸಂವಿಧಾನ ಸ್ಪಷ್ಟವಾಗಿ ಹೇಳುವುದಿಲ್ಲ. 1986ರಲ್ಲಿ ಕರಡು ಬರೆದವರು ಎರಡು ಸದನಗಳ ಸಂಸತ್ತನ್ನು ಒಪ್ಪಿದ್ದು 23–22ರ ಒಂದೇ ಮತದ ಅಂತರದಲ್ಲಿ. ತಿದ್ದುಪಡಿಯ ವಿಧಿ ಒಂದೇ ಸದನಕ್ಕೆ ಹೊಂದುವ ಮಾತಿನಲ್ಲೇ ಉಳಿದುಬಿಟ್ಟಿತು. ಒಟ್ಟಿಗೆ ಎಣಿಸಿದರೆ ಸುಮಾರು 325ರಲ್ಲಿ 245ರ ಆಸುಪಾಸು ಸಾಕು. ಕೆಳಮನೆಯ 251 ಒಂದೇ ಅದನ್ನು ದಾಟುತ್ತದೆ, ಸೆನೆಟ್ ಲೆಕ್ಕಕ್ಕೇ ಇಲ್ಲ. ಹಾಗಾಗಿ ವಿರೋಧಿಸುವವರು ಮೊದಲು ಹಿಡಿಯಬೇಕಾದ ಪಟ್ಟು ‘ಪ್ರತ್ಯೇಕ ಮತದಾನ’. ತಿದ್ದುಪಡಿ ಕುರಿತ ನಮ್ಮ ಸಂವಿಧಾನದ 368ನೇ ವಿಧಿ ‘ಪ್ರತಿಯೊಂದು ಸದನದಲ್ಲಿ’ ಎಂದು ಬಿಡಿಸಿ ಬರೆದಿರುವುದು ಎಷ್ಟು ದೊಡ್ಡ ಕಾವಲು ಎಂಬುದು ಇದನ್ನು ನೋಡಿದಾಗ ತಿಳಿಯುತ್ತದೆ.

ಪ್ರಶ್ನೆ: ಸಹಿ ಸಂಗ್ರಹಿಸಿಯೂ ಅಲ್ಲಿ ಸಂವಿಧಾನ ತಿದ್ದಬಹುದಂತೆ?
– ಓದುಗರೊಬ್ಬರು, ಶಿರಸಿ

ಉತ್ತರ: ಹೌದು. ದೇಶದ ಮತದಾರರಲ್ಲಿ ಶೇ 12, ಪ್ರತಿ ಕ್ಷೇತ್ರದಲ್ಲಿ ಕನಿಷ್ಠ ಶೇ 3 ಸಹಿ ಬೇಕು. 2006ರ ಅಕ್ಟೋಬರ್‌ನಲ್ಲಿ ಸುಮಾರು 63 ಲಕ್ಷ ಸಹಿಗಳ ಅರ್ಜಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 8–7ರಲ್ಲಿ ತಳ್ಳಿಹಾಕಿತು. ಸಹಿ ಹಾಕಿದವರಿಗೆ ತಿದ್ದುಪಡಿಯ ಪೂರ್ಣ ಪಾಠವನ್ನೇ ತೋರಿಸಿರಲಿಲ್ಲ. ಸಂಕಷ್ಟದ ಕಾಲದಲ್ಲಿ ಅಕ್ಕಿ, ಪರಿಹಾರಧನ ಹಂಚುವ ಸಾಲಿನಲ್ಲೇ ಯಾರಾದರೂ ಹಾಳೆ ಮುಂದೊಡ್ಡಿದರೆ, ತಿದ್ದುಪಡಿಯ ಪಾಠ ಅದಕ್ಕೇ ಲಗತ್ತಾಗಿದೆಯೇ ಎಂದು ಕೇಳಬೇಕು. ಇಲ್ಲದಿದ್ದರೆ ಸಹಿ ಹಾಕಬಾರದು.