ವಾಲ್-ಇ: ಮಗಳಿಗೆ ರೋಬೋ ಮಾತ್ರ ನೆನಪಿರೋದು ಯಾಕೆ?

ಎಂಟು ವರ್ಷದ ಮಗಳಿಗೆ ‘ವಾಲ್-ಇ’ ಅನಿಮೇಷನ್ ಚಿತ್ರದಲ್ಲಿ (2008) ರೋಬೋ ಬಿಟ್ಟು ಬೇರೇನೂ ನೆನಪಿಲ್ಲ, ಅದರಲ್ಲಿರೋ ಕೊಳ್ಳುಬಾಕತನದ ಟೀಕೆ ಅವಳಿಗೆ ಹೇಗೆ ಕಾಣಿಸೋದು ಅಂತ ಕೇಳಿದ್ದೀರಿ. ಆ ಟೀಕೆ ಅಲ್ಲಿ ಮಾತಿಗಿಂತ ಜಾಸ್ತಿ ಹಿನ್ನೆಲೆಯಲ್ಲಿದೆ. ಕಥೆಯ ಓಟದಲ್ಲಿ ಅದು ತಪ್ಪಿಹೋಗಿರಬೇಕು.

ಮೊದಲು ಕಸದ ನಗರದ ದೃಶ್ಯ ಮಾತ್ರ ಹಾಕಿ. ಎಲ್ಲವನ್ನೂ ಮಾರುವ ಕಂಪನಿ ‘ಬೈ ಎನ್ ಲಾರ್ಜ್’ನ ಹೆಸರು ಎಲ್ಲೆಲ್ಲಿದೆ, ಅವಳೇ ಎಣಿಸಲಿ. ಬ್ಯಾಂಕೂ ಅದೇ ಕಂಪನಿಯದು!

ಆಮೇಲೆ, ಭೂಮಿ ಬಿಟ್ಟ ಜನ ಬದುಕುವ ಬಾಹ್ಯಾಕಾಶ ಹಡಗು. ಈಗ ನೀಲಿಯೇ ಫ್ಯಾಷನ್ ಅಂತ ಪ್ರಕಟಣೆ ಬರುತ್ತದೆ. ಕುರ್ಚಿಯಲ್ಲಿ ಕೂತವರ ಕೆಂಪು ಬಟ್ಟೆಯೆಲ್ಲ ನೀಲಿಯಾಗುತ್ತದೆ. ಅಲ್ಲೇ ನಿಲ್ಲಿಸಿ. “ಇವರಿಗೆ ನೀಲಿ ಬೇಕಿತ್ತಾ?” ಅಂತ ಕೇಳಿ, ಸುಮ್ನಿರಿ. ಉತ್ತರ ನೀವು ಹೇಳಬೇಡಿ.

ಕೊನೆಗೆ, ಮುಖದ ಮುಂದಿನ ಪರದೆ ಆರಿದ ಮೇಲೆ ಹಡಗಿನ ಈಜುಕೊಳವನ್ನು ಮೊದಲ ಸಲ ಕಾಣುವ ಹೆಂಗಸು. ನನ್ನ ಮಗ ಮೌನವಾಗಿದ್ದು ಇಲ್ಲೇ.

ನಿಮ್ಮ ಚಿಕ್ಕ ಮಗನಿಗೆ ನಾಲ್ಕೇ ವರ್ಷ ಅಲ್ವಾ? ಅವನಿಗೆ ಇದು ತಲುಪುತ್ತದೋ ಇಲ್ಲವೋ ಹೇಳಲಾರೆ.