ಖಾಲಿ ಬಿಟ್ಟ ಕಾಲಂ ಸೊನ್ನೆಯಾಗುತ್ತದೆ

ಮಧುಗಿರಿಯ ನಿವೃತ್ತ ಉಪನ್ಯಾಸಕರೊಬ್ಬರು ಬರೆಯುತ್ತಾರೆ: “ಕಳೆದ ಸಂಚಿಕೆಯಲ್ಲಿ ಜಗತ್ತಿನ ಮೀನುಗಾರಿಕೆಯ ಅಂಕಿಅಂಶಗಳಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಸಮುದ್ರವೇ ಇಲ್ಲದ ತುಮಕೂರು ಜಿಲ್ಲೆಗೆ ಇದರಿಂದೇನು ಪ್ರಯೋಜನ? ಎಣಿಕೆಗೆ ಸುರಿಯುವ ಹಣದಲ್ಲಿ ಬಡ ಮೀನುಗಾರನಿಗೆ ಬಲೆ, ಹರಿಗೋಲು ಕೊಡಿಸಬಹುದಲ್ಲವೇ? ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ನಾನೇ ಹೇಳುತ್ತಿದ್ದೇನೆ, ಅಂಕಿಗಳಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ.”

ಸಂಪಾದಕರ ಉತ್ತರ: ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಬಲೆ ಬೇಕು, ಹರಿಗೋಲು ಬೇಕು, ಅದಕ್ಕೆ ಹಣವೂ ಬೇಕು ಎಂಬ ನಿಮ್ಮ ಕಳಕಳಿ ನ್ಯಾಯವಾದದ್ದೇ. ಆದರೆ ಯಾವ ಊರಿಗೆ ಎಷ್ಟು ಬಲೆ ಬೇಕೆಂದು ಹೇಳುವವರು ಯಾರು? ಆ ಊರಿನಲ್ಲಿ ಮೀನು ಹಿಡಿದು ಬದುಕುವವರು ಎಷ್ಟು ಮಂದಿ, ಅವರ ಕೆರೆ ವರ್ಷಕ್ಕೆ ಎಷ್ಟು ಮೀನು ಕೊಡುತ್ತದೆ ಎಂಬುದನ್ನು ಯಾರೂ ಬರೆದಿಡದಿದ್ದರೆ, ಬಲೆ ಹೋಗುವುದು ಕೇಳಲು ಬಾಯಿದ್ದವರ ಮನೆಗೆ. ಸಂಖ್ಯಾಶಾಸ್ತ್ರ ಕಲಿಸಿದ ನಿಮ್ಮಿಂದ ಈ ಮಾತು ಬಂದದ್ದಕ್ಕೆ ನನಗೆ ಸ್ವಲ್ಪ ಬೇಸರವಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬಳಿ 1950ರಿಂದ ಈಚೆಗಿನ ಜಗತ್ತಿನ ಮೀನು ಹಿಡಿತದ ಲೆಕ್ಕವಿದೆ. ಆಯಾ ದೇಶಗಳು ಕಳಿಸಿದ ಅಂಕಿಗಳೇ ಅದರ ಆಧಾರ. ಸಮುದ್ರದ ಮೀನಿನ ಸಂತತಿಗಳಲ್ಲಿ ಅತಿಯಾಗಿ ಹಿಡಿಯದೆ ಸುಸ್ಥಿರ ಮಟ್ಟದಲ್ಲಿ ಉಳಿದವು 1974ರಲ್ಲಿ ನೂರಕ್ಕೆ 90ರಷ್ಟಿದ್ದವು, 2021ರಲ್ಲಿ 62.3ಕ್ಕೆ ಇಳಿದವು ಎಂದು ಇಂದು ನಾವು ಹೇಳಬಲ್ಲೆವಾದರೆ ಅದು ಯಾರೋ ಕೂತು ಎಣಿಸಿದ್ದರಿಂದ. ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಒಪ್ಪಿಕೊಂಡ ಸುಸ್ಥಿರ ಅಭಿವೃದ್ಧಿಯ ಗುರಿಗಳಲ್ಲಿ ಹದಿನಾಲ್ಕನೆಯದು ಸಾಗರದ ಜೀವರಾಶಿಯದು. ಮಿತಿಮೀರಿದ ಮೀನುಗಾರಿಕೆಯನ್ನು 2020ರೊಳಗೆ ನಿಲ್ಲಿಸಬೇಕೆಂದು ಅದರಲ್ಲಿ ಬರೆದುಕೊಂಡಿದ್ದರು. ಗಡುವು ಮೀರಿದೆ ಎಂಬುದನ್ನು ನಮಗೆ ತಿಳಿಸಿದ್ದೂ ಅದೇ ಅಂಕಿಗಳು.

ಆದರೆ ಈ ಲೆಕ್ಕದಲ್ಲಿ ಎರಡು ದೊಡ್ಡ ತೂತುಗಳಿವೆ. ಮೊದಲನೆಯದು, ಮೇಲಿನವರನ್ನು ಮೆಚ್ಚಿಸಲು ಏರಿಸಿ ಬರೆಯುವ ಚಾಳಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ರೆಗ್ ವಾಟ್ಸನ್ ಮತ್ತು ಡೇನಿಯಲ್ ಪಾಲಿ 2001ರಲ್ಲಿ ಚೀನಾದ ಅಂಕಿಗಳನ್ನು ಪರಿಶೀಲಿಸಿ, ಉತ್ಪಾದನೆ ಹೆಚ್ಚಿಸಿದ ಅಧಿಕಾರಿಗೆ ಬಡ್ತಿ ಸಿಗುವ ಕಡೆ ಮೀನು ಕಾಗದದ ಮೇಲೆಯೇ ಬೆಳೆಯುತ್ತದೆ ಎಂದು ತೋರಿಸಿದರು. ಆ ಹೆಚ್ಚುವರಿಯನ್ನು ಕಳೆದಾಗ, ಏರುತ್ತಿದೆಯೆಂದು ನಂಬಿದ್ದ ಜಗತ್ತಿನ ಹಿಡಿತ 1980ರ ದಶಕದ ಕೊನೆಯಿಂದಲೇ ಇಳಿಯುತ್ತಿತ್ತೆಂದು ಗೊತ್ತಾಯಿತು.

ಎರಡನೆಯ ತೂತು ನಮಗೆ ಹತ್ತಿರದ್ದು. ಲೆಕ್ಕ ಸಿಗದ ಕಡೆ ಕಾಲಂ ಖಾಲಿ ಬಿಡುತ್ತಾರೆ; ಮೊತ್ತ ಕೂಡುವಾಗ ಆ ಖಾಲಿ ಜಾಗ ಸೊನ್ನೆಯಾಗುತ್ತದೆ. ಅದೇ ಪಾಲಿ ಮತ್ತು ಅವರ ಸಹಸಂಶೋಧಕ ಡಿರ್ಕ್ ಝೆಲ್ಲರ್ 2016ರಲ್ಲಿ ಇಂಥ ಸೊನ್ನೆಗಳನ್ನು ತುಂಬಲು ಯತ್ನಿಸಿದಾಗ, 1996ರ ಸಮುದ್ರದ ಹಿಡಿತ ಅಧಿಕೃತವಾಗಿದ್ದ 8.6 ಕೋಟಿ ಟನ್ನಿನ ಬದಲು ಸುಮಾರು 13 ಕೋಟಿ ಟನ್ ಎಂದು ಅಂದಾಜಾಯಿತು. ಒಳನಾಡಿನ ಕಥೆಯೂ ಹೀಗೆಯೇ. 42 ದೇಶಗಳಲ್ಲಿ ಮನೆಮನೆಗೆ ಹೋಗಿ ಏನು ತಿಂದಿರಿ ಎಂದು ಕೇಳಿದ ಸಮೀಕ್ಷೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊಳೆ ಕೆರೆಗಳಲ್ಲಿ ಹಿಡಿದ ಮೀನು ವರದಿಯಾದದ್ದಕ್ಕಿಂತ ಶೇಕಡಾ 65ರಷ್ಟು ಹೆಚ್ಚಿದೆ ಎಂದಿತು. ದಫ್ತರಿಗೆ ಕಾಣದ ಮೀನು ಅಡುಗೆಮನೆಯ ಸಾರಿನಲ್ಲಿ ಸಿಕ್ಕಿತು.

ಸಮುದ್ರವಿಲ್ಲದ ಜಿಲ್ಲೆ ಎಂದಿರಲ್ಲ, ಈಗ ಅಲ್ಲಿಗೇ ಬರುತ್ತೇನೆ. ಭಾರತದ ಒಟ್ಟು ಮೀನು ಉತ್ಪಾದನೆಯ ಮುಕ್ಕಾಲು ಪಾಲು ಇಂದು ಒಳನಾಡಿನದು. ಕರಾವಳಿಯಲ್ಲಾದರೆ ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮೀನು ಇಳಿಸುವ ದಕ್ಕೆಗಳನ್ನು ಮಾದರಿಯಾಗಿ ಆರಿಸಿ, ಗೊತ್ತುಪಡಿಸಿದ ದಿನಗಳಂದು ದೋಣಿಗಳನ್ನು ಎಣಿಸಿ, ಹಿಡಿದದ್ದನ್ನು ಜಾತಿವಾರು ಬರೆದುಕೊಳ್ಳುವ ಕ್ರಮವನ್ನು ದಶಕಗಳಿಂದ ಪಾಲಿಸುತ್ತಿದ್ದಾರೆ. ನಮ್ಮ ಕೆರೆಗಳಿಗೆ ದಕ್ಕೆಯಿಲ್ಲ. ಕೆಲವು ವರ್ಷಗಳ ಹಿಂದೆ ಈ ಜಿಲ್ಲೆಯದೇ ಒಂದು ಕೆರೆಯ ಏರಿಯ ಮೇಲೆ ನಸುಕಿನಲ್ಲಿ ನಿಂತು ನೋಡಿದ್ದೇನೆ. ಗುತ್ತಿಗೆದಾರನ ಆಳುಗಳು ಬಲೆ ಎಳೆದರು. ಕಾಟ್ಲಾ, ರೋಹುಗಳು ತಕ್ಕಡಿಗೆ ಬಿದ್ದು, ಮಂಜುಗಡ್ಡೆಯ ಪೆಟ್ಟಿಗೆ ಸೇರಿ, ಬೆಳಕು ಹರಿಯುವ ಮೊದಲೇ ಬೆಂಗಳೂರಿನ ದಾರಿ ಹಿಡಿದವು. ಕೊರವ, ಪಕ್ಕೆಯಂಥ ನಾಡಿನ ಮೀನುಗಳನ್ನು ಊರಿನ ಹೆಂಗಸರು ಕುಕ್ಕೆಯಲ್ಲಿ ಕೊಂಡೊಯ್ದರು. ಅವಕ್ಕೆ ತೂಕವೂ ಇಲ್ಲ, ರಸೀದಿಯೂ ಇಲ್ಲ. ವಾರದ ನಂತರ ಕಚೇರಿಯೊಂದರಲ್ಲಿ ಆ ಕೆರೆಯ ಇಳುವರಿ ಕೇಳಿದೆ. ಬಿತ್ತನೆಗೆ ಬಿಟ್ಟ ಮರಿಗಳ ಸಂಖ್ಯೆಯನ್ನು ಒಂದು ಗೊತ್ತಾದ ಪ್ರಮಾಣದಿಂದ ಗುಣಿಸಿ ಬರೆದ ಅಂಕಿಯನ್ನು ನನ್ನ ಮುಂದಿಟ್ಟರು. ಹಿಂದಿನ ಎರಡು ವರ್ಷಗಳಿಗೂ ಅದೇ ಗುಣಾಕಾರ. ಆ ಎರಡರಲ್ಲಿ ಒಂದು ವರ್ಷ ಕೆರೆಗೆ ನೀರೇ ಬಂದಿರಲಿಲ್ಲ.

ಅಲ್ಲಿದ್ದ ಗುಮಾಸ್ತನನ್ನು ನಾನು ದೂರುವುದಿಲ್ಲ. ಆತನಿಗೆ ಕೆರೆಗೆ ಹೋಗಿಬರಲು ವಾಹನವಿರಲಿಲ್ಲ, ಜೊತೆಗೆ ಬೇರೆ ಮೂರು ಕೆಲಸಗಳಿದ್ದವು. ನನ್ನ ಸಿಟ್ಟು ಇರುವುದು ನಮ್ಮ ಒಟ್ಟು ಸ್ವಭಾವದ ಮೇಲೆ. ಮೀನು ಮರಿ ಬಿಡುವ ದಿನ ಕೆರೆಯಂಗಳದಲ್ಲಿ ಶಾಮಿಯಾನ ಹಾಕಿಸುತ್ತೇವೆ, ಫೋಟೊ ತೆಗೆಸುತ್ತೇವೆ. ಹಿಡಿಯುವ ದಿನ ಒಂದು ನೋಟ್‌ಬುಕ್ ಹಿಡಿದು ನಿಲ್ಲುವವನಿಗೆ ದಿನಭತ್ಯೆ ಕೊಡಲು ಕೈ ಬರುವುದಿಲ್ಲ. ಕೆರೆಯ ವಿಸ್ತೀರ್ಣವೇ ಹಳೆಯ ನಕ್ಷೆಯದು. ಹೂಳು ತುಂಬಿ, ಬಳ್ಳಾರಿ ಜಾಲಿ ಹಬ್ಬಿ, ಅಂಚು ಒತ್ತುವರಿಯಾಗಿ ನೀರು ಅರ್ಧಕ್ಕೆ ನಿಲ್ಲುತ್ತಿದ್ದರೂ ಹೆಕ್ಟೇರಿಗೆ ಇಷ್ಟು ಎಂಬ ಇಳುವರಿಯನ್ನು ಆ ಹಳೆಯ ವಿಸ್ತೀರ್ಣಕ್ಕೇ ಗುಣಿಸುತ್ತಾರೆ. ನಾಡಿನ ಹಳೆಯ ಮೀನುಗಳೆಲ್ಲ ‘ಇತರೆ’ ಎಂಬ ಒಂದೇ ಕಾಲಂನಲ್ಲಿ ಅಡಗಿರುವುದರಿಂದ ಅವುಗಳಲ್ಲಿ ಒಂದು ಜಾತಿ ಪೂರ್ತಿ ಇಲ್ಲವಾದರೂ ಪುಸ್ತಕಕ್ಕೆ ತಿಳಿಯುವುದಿಲ್ಲ. ಬರ ಬಂದು ಕೆರೆ ಒಣಗಿದಾಗ ಬೆಳೆ ಕಳೆದುಕೊಂಡ ರೈತ ಪಹಣಿ ತೋರಿಸಿ ಪರಿಹಾರ ಕೇಳಬಹುದು. ಬಲೆಯವನು ಏನನ್ನು ತೋರಿಸಬೇಕು? ಕಳೆದ ವರ್ಷ ಇಷ್ಟು ಹಿಡಿದಿದ್ದೆ ಎನ್ನಲು ಅವನ ಹೆಸರಿನಲ್ಲಿ ಒಂದು ಸಾಲೂ ಇಲ್ಲ.

ಆದ್ದರಿಂದ ನಿಮ್ಮಲ್ಲೊಂದು ಬೇಡಿಕೆಯಿದೆ. ನಿಮ್ಮ ತಾಲ್ಲೂಕಿನ ಯಾವುದಾದರೂ ಒಂದು ಕೆರೆಯಲ್ಲಿ ಈ ಬಾರಿ ಮೀನು ಹಿಡಿಯುವಾಗ ಹಳೆಯ ಶಿಷ್ಯರಿಬ್ಬರನ್ನು ಕರೆದುಕೊಂಡು ಹೋಗಿ. ಎಷ್ಟು ಬಲೆ, ಎಷ್ಟು ಆಳು, ಯಾವ ಮೀನು ಎಷ್ಟು ಕಿಲೋ, ಕುಕ್ಕೆಯಲ್ಲಿ ಹೋದದ್ದೆಷ್ಟು, ಏರಿಯ ಮೇಲೆ ಸಿಕ್ಕ ದರವೆಷ್ಟು ಎಂಬುದನ್ನು ಬರೆದುಕೊಂಡು ಬನ್ನಿ. ಮಾದರಿಯನ್ನು ಹೇಗೆ ಆರಿಸಬೇಕೆಂದು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ನೀವು ಕಳಿಸುವ ಪಟ್ಟಿಯನ್ನು ಒಂದಂಕಿಯೂ ಬಿಡದೆ ಅಚ್ಚುಹಾಕುತ್ತೇನೆ, ಪುಟ ಎಷ್ಟೇ ಆಗಲಿ.