‘ಕಡಿಮೆ ಸಾಲು, ಒಳ್ಳೆ ಭಾಷೆ’ ಲೇಖನದ ಬಗ್ಗೆ

ನಮಸ್ಕಾರ,

ಪ್ರೋಗ್ರಾಮ್ ಬರೆಯುವ ಭಾಷೆಗಳಲ್ಲಿ ಕಡಿಮೆ ಸಾಲಿನದೇ ಒಳ್ಳೆಯದು ಅನ್ನುವ ನಿಮ್ಮ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ತಿದ್ದಿದರೆ ನಿಲ್ಲುವ ಬರಹ ಇದು.

‘ಹಲೋ ವರ್ಲ್ಡ್’ ಅಂತ ತೆರೆ ಮೇಲೆ ತೋರಿಸುವ ಪುಟ್ಟ ಪ್ರೋಗ್ರಾಮ್‌ಗೆ ಜಾವಾ ಭಾಷೆಯಲ್ಲಿ ಐದು ಸಾಲು, ಪೈಥಾನ್‌ನಲ್ಲಿ ಒಂದೇ ಸಾಲು, ಆದ್ದರಿಂದ ಪೈಥಾನ್ ಓದಲು ಸುಲಭ ಅಂತೀರಿ. ಎಣಿಕೆ ಸರಿ. ಅಲ್ಲಿಂದ ‘ಓದಲು ಸುಲಭ’ಕ್ಕೆ ಹೇಗೆ ಹಾರಿದಿರಿ? ಕೆನೆತ್ ಐವರ್ಸನ್ ರೂಪಿಸಿದ ಎಪಿಎಲ್ ಎಂಬ ಭಾಷೆಯಲ್ಲಿ ಪಟ್ಟಿಯ ಸಂಖ್ಯೆಗಳನ್ನೆಲ್ಲ ಕೂಡಿಸಲು ‘+/’ ಎಂಬ ಎರಡು ಗುರುತು ಸಾಕು. ಗೊತ್ತಿಲ್ಲದವರಿಗೆ ಅದು ಬರೀ ಗೀಚು, ಅಲ್ವಾ? (ಅಂದಹಾಗೆ, 2025ರ ಜಾವಾ 25ರಲ್ಲಿ ಕ್ಲಾಸ್ ಎಂಬ ಹೊರಕಟ್ಟು ಬರೆಯದೆಯೂ ‘ಹಲೋ ವರ್ಲ್ಡ್’ ಮುಗಿಯುತ್ತದೆ. ಆ ಐದು ಸಾಲು ಹಳೇ ಕತೆ.)

ಕೋಬಾಲ್ ಎಂಬ ಹಳೇ ಭಾಷೆಯ ಬಗ್ಗೆ ನೀವು ಬರೆದ ಪ್ಯಾರಾದಲ್ಲಿ ಗೇಲಿ ಬಿಟ್ಟರೆ ಏನೂ ಇಲ್ಲ. 1959ರಲ್ಲಿ ಅದರ ಕೆಲಸ ಶುರುಮಾಡಿದವರಿಗೆ ಕೋಡ್ ಇಂಗ್ಲಿಷ್‌ನ ಹಾಗೆ ಓದಿಸಿಕೊಳ್ಳಬೇಕಿತ್ತು. ‘ಮಲ್ಟಿಪ್ಲೈ ರೇಟ್ ಬೈ ಕ್ವಾಂಟಿಟಿ ಗಿವಿಂಗ್ ಟೋಟಲ್.’ ಕೋಡ್ ಮುಟ್ಟದವರಿಗೂ ತಿಳಿಯುತ್ತದೆ. ಈಗ ಇದರಿಂದ ರಿಯಾಯಿತಿ ಕಳೆಯಿರಿ, ತೆರಿಗೆ ಸೇರಿಸಿ, ಹನ್ನೆರಡು ಕಂತು ಮಾಡಿ. ಒಂದೊಂದಕ್ಕೂ ಒಂದು ವಾಕ್ಯ. ನಡುನಡುವೆ ಬಂದ ಉತ್ತರ ಇಟ್ಟುಕೊಳ್ಳಲು ಒಂದೊಂದು ಹೆಸರು. ವಾಕ್ಯಗಳೆಲ್ಲ ಅರ್ಥವಾಗುತ್ತವೆ, ಒಟ್ಟು ಲೆಕ್ಕ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಇಂಥ ಕಡೆ ಸೂತ್ರವನ್ನು ಸೂತ್ರದ ಹಾಗೇ ಬರೆಯಲು ಕೋಬಾಲ್‌ನಲ್ಲೇ ‘ಕಂಪ್ಯೂಟ್’ ಎಂಬ ಆದೇಶ ಇದೆ. ಅದು ಯಾಕೆ ಬೇಕಾಯಿತು ಅಂತ ಕೇಳಿಕೊಂಡಿದ್ದರೆ ನಿಮ್ಮ ಲೇಖನದ ದಾರಿಯೇ ಬೇರೆ ಆಗುತ್ತಿತ್ತು.

ಉದ್ದದಲ್ಲೂ ಸುಮ್ನೆ ಉದ್ದ ಒಂದು, ಕೆಲಸಕ್ಕೆ ಬರುವ ಉದ್ದ ಒಂದು. ಜಾವಾದಲ್ಲಿ ‘ನ್ಯೂ’ ಹಾಕಿ ಒಂದು ವೇರಿಯೇಬಲ್ (ಮೌಲ್ಯ ಇಟ್ಟುಕೊಳ್ಳುವ ಹೆಸರು) ಮಾಡುವಾಗ ಅದರ ಟೈಪನ್ನು, ಅಂದರೆ ಅದು ಯಾವ ಬಗೆಯದು ಅನ್ನುವುದನ್ನು, ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬರೆಯಬೇಕಿತ್ತು. ಎರಡನೇ ಸಲ ಬರೆದದ್ದರಿಂದ ಓದುವವರಿಗೆ ಸಿಗುತ್ತಿದ್ದುದು ಸೊನ್ನೆ. 2018ರಲ್ಲಿ ಜಾವಾ 10ರ ‘ವಾರ್’ ಎಂಬ ಪದ ಬಂದು ಎಡಗಡೆಯದನ್ನು ಬಿಡಬಹುದು ಅಂತಾಯಿತು. ಒಳ್ಳೆಯದೇ. ಆದರೆ ಬಲಗಡೆ ‘ಗೆಟ್‌ರಿಸಲ್ಟ್’ ಅನ್ನೋ ಫಂಕ್ಷನ್ ಇದ್ದರೆ? ವಾಪಸ್ ಬರೋದು ಸಂಖ್ಯೆಯೋ ಪಟ್ಟಿಯೋ ನೋಡಲು ಇನ್ನೊಂದು ಫೈಲ್ ತೆಗೆಯಬೇಕು. ಅಲ್ಲಿ ನಾನಂತೂ ಟೈಪ್ ಬರೆಯುವ ಪಕ್ಷ.

ಇನ್ನು ನಿಮ್ಮ ಕನ್ನಡ. ‘ಇಂದಿನ ಆಧುನಿಕ ತಂತ್ರಜ್ಞಾನ ಯುಗದಲ್ಲಿ’ ಅಂತ ಶುರುವಾಗುವ ಮೊದಲ ಎರಡು ಪ್ಯಾರಾ ಕಿತ್ತುಹಾಕಿ. ಉದ್ದದ ಕೋಡ್ ಬೈಯಲು ಹೊರಟ ಲೇಖನಕ್ಕೆ ಇಷ್ಟುದ್ದದ ಪೀಠಿಕೆ ಜಾಸ್ತಿಯಾಯಿತು.

‘ಹಲೋ ವರ್ಲ್ಡ್’ ಬಿಟ್ಟು, ನೀವೇ ಬರೆದ ಇಪ್ಪತ್ತು ಸಾಲಿನ ಯಾವುದಾದರೂ ಕೋಡ್ ತಗೊಳ್ಳಿ. ಅದನ್ನು ನೋಡದ ಗೆಳೆಯರೊಬ್ಬರಿಗೆ ಕೊಟ್ಟು, ಎಲ್ಲಿ ತಡವರಿಸಿದರು ಅಂತ ಗುರುತು ಮಾಡಿಕೊಂಡು ಬರೆಯಿರಿ. ಆಮೇಲೆ ನನಗೆ ಕಳಿಸಿ.